ಮಿದುಳಿನ ಮಿಸ್

ಲಂಡನ್ನಿನ ನಮ್ಮ ಆಸ್ಪತ್ರೆಯಲ್ಲಿ ಅವರನ್ನು ಯಾರೂ ಡಾಕ್ಟರ್ ಎನ್ನುತ್ತಿರಲಿಲ್ಲ. ಈ ದೇಶದಲ್ಲಿ ಶಸ್ತ್ರಚಿಕಿತ್ಸೆ ಮಾಡುವವರು ಆ ಬಿರುದನ್ನು ಬಿಟ್ಟುಬಿಡುತ್ತಾರೆ. ಗಂಡಸಾದರೆ ಮಿಸ್ಟರ್, ಹೆಂಗಸಾದರೆ ಮಿಸ್. ನಾನು ಧಾರವಾಡದಿಂದ ನರ್ಸ್ ಕೆಲಸಕ್ಕೆಂದು ಬಂದ ಹೊಸತರಲ್ಲಿ, ಆಪರೇಷನ್ ಥಿಯೇಟರಿನೊಳಗೆ ಅಷ್ಟೆತ್ತರದ, ನರೆತ ಕೂದಲಿನ ಹೆಂಗಸನ್ನು ಎಲ್ಲರೂ 'ಮಿಸ್, ಮಿಸ್' ಎನ್ನುವುದನ್ನು ಕೇಳಿ ಒಳಗೊಳಗೇ ನಕ್ಕಿದ್ದೆ. ನಮ್ಮ ಕಡೆ ಒಂದನೇ ಇಯತ್ತೆಯ ಮಕ್ಕಳು ಟೀಚರನ್ನು ಕರೆಯುವ ರೀತಿ ಅದು. ಅವರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ ಮೇಲೆ ಆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಕಳೆದ ಚಳಿಗಾಲದಲ್ಲಿ ಮಿಸ್ ತೀರಿಕೊಂಡರು. ವೈದ್ಯಕೀಯ ಪತ್ರಿಕೆಗಳಲ್ಲಿ ಉದ್ದುದ್ದ ಲೇಖನಗಳು ಬಂದವು. ಕೆನಡಾದ ಗೋಧಿ ಬಯಲಿನ ಹಳ್ಳಿಯೊಂದರಿಂದ ಬಂದವರು, ಹೆಂಗಸರೇ ಇಲ್ಲದ ವಿಭಾಗಕ್ಕೆ ಕಾಲಿಟ್ಟ ಮೊದಲ ಹೆಂಗಸು, ರೋಗಿಯನ್ನು ಎಚ್ಚರವಾಗಿಟ್ಟುಕೊಂಡು ಅವರವರ ಮನೆಮಾತಿನಲ್ಲೇ ಮಾತಾಡಿಸುತ್ತ ಮಿದುಳಿನ ಗಡ್ಡೆ ತೆಗೆಯುವುದನ್ನು ನಮ್ಮ ಆಸ್ಪತ್ರೆಗೆ ತಂದವರು, ಆಮೇಲೆ ಎಲ್ಲೆಲ್ಲಿಂದಲೋ ಬಂದವರಿಗೆ ಅದನ್ನು ಕಲಿಸಿದವರು, ಹೀಗೆ. ಎಲ್ಲವೂ ನಿಜ. ಆದರೆ ಅವರೂ ಒಮ್ಮೆ ಅದೇ ಆಪರೇಷನ್ ಮೇಜಿನ ಮೇಲೆ ಮಲಗಿದ್ದರು, ಆಗ ಅವರ ತಲೆಯ ಹತ್ತಿರ ಕೂತಿದ್ದವಳು ನಾನು. ಹೆಸರು ಬರೆಯುವುದಿಲ್ಲ. ಹೆಸರಿನಿಂದ ಅವರನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಅವರು ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನು ನನಗೆ ಬಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಅವರು ಸಿಹಿ ಮನುಷ್ಯರಲ್ಲ. ಜನವರಿಯಲ್ಲೂ ಆಫೀಸಿನ ಕಿಟಕಿ ತೆರೆದಿಡುತ್ತಿದ್ದರು. ಒಳಗೆ ಹೋದವರು ಕೋಟು ಹಾಕಿಕೊಂಡೇ ಕೂರಬೇಕು. 'ಇದು ಚಳಿಯಲ್ಲ, ಬರೀ ಒದ್ದೆ' ಎಂದು ಲಂಡನ್ನಿನ ಹವೆಯನ್ನು ಹಂಗಿಸುತ್ತಿದ್ದರು. ಮಧ್ಯಾಹ್ನದ ಊಟವೆಂದರೆ ಬೇಯಿಸಿದ ಮೊಟ್ಟೆ, ಅದೂ ಸಿಂಕಿನ ಪಕ್ಕ ನಿಂತುಕೊಂಡು. ರೋಗಿಗಳ ಮನೆಯವರು ಹೂಗುಚ್ಛ ತಂದರೆ ಅದರ ಕಡೆ ನೋಡದೆ ರಿಸೆಪ್ಷನ್ನಿನ ಹುಡುಗಿಗೆ ಕೊಟ್ಟುಬಿಡುತ್ತಿದ್ದರು. ಯಾರ ಹುಟ್ಟುಹಬ್ಬವೂ ಅವರಿಗೆ ನೆನಪಿರುತ್ತಿರಲಿಲ್ಲ. ಒಮ್ಮೆ ಹೊಸದಾಗಿ ಬಂದ ಡಾಕ್ಟರೊಬ್ಬ ಅಳುತ್ತಿದ್ದ ಮುದುಕನ ಭುಜ ತಟ್ಟಿ 'ಎಲ್ಲಾ ಸರಿಹೋಗುತ್ತೆ' ಎಂದ. ಮಿಸ್ ಆ ಮುದುಕನ ಎದುರಿಗೇ ಕೇಳಿದರು: "ನಿನಗೆ ಹೇಗೆ ಗೊತ್ತು?" ಆ ಹುಡುಗನ ಮುಖ ಕಪ್ಪಿಟ್ಟಿತು. ಆಮೇಲೆ ಮಿಸ್ ಮುದುಕನ ಹಾಸಿಗೆಯ ಅಂಚಿಗೆ ಕೂತು, ಏನು ಆಗಬಹುದು, ಏನು ಆಗದಿರಬಹುದು ಎಂದು ನಿಧಾನವಾಗಿ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಮುದುಕ ಅಳು ನಿಲ್ಲಿಸಿ ಕೇಳಿಸಿಕೊಂಡ. ಭಯ ಹೋಗಿರಲಿಲ್ಲ. ಆದರೆ ತನ್ನನ್ನು ಯಾರೋ ದೊಡ್ಡ ಮನುಷ್ಯನಂತೆ ನಡೆಸಿಕೊಂಡರು ಎಂಬ ಭಾವ ಅವನ ಮುಖದಲ್ಲಿತ್ತು.

ಮನೆಮಾತಿನ ಹಟ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಒಂದೇ ಒಂದು ಸಲ ಹೇಳಿದ್ದರು. ಕೆನಡಾದಲ್ಲಿ ಕಲಿಯುತ್ತಿದ್ದಾಗ ಅವರ ಗುರುಗಳು ಒಬ್ಬ ರೈತ ಮುದುಕಿಯ ಆಪರೇಷನ್ ಮಾಡಿದರಂತೆ. ಆಕೆಯದು ಯುಕ್ರೇನಿನಿಂದ ಬಂದು ನೆಲೆಸಿದ ಮನೆತನ. ಎಚ್ಚರವಾಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸಿದರು, ಇಂಗ್ಲಿಷ್ ಉಳಿಯಿತು. ಡಾಕ್ಟರುಗಳೆಲ್ಲ ಕೈಕುಲುಕಿಕೊಂಡರು. ಮರುದಿನ ಮುದುಕಿಯ ಗಂಡ ಬಂದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೆಂಡತಿ ಬಾಯಿ ತೆರೆದಳು, ಯುಕ್ರೇನಿಯನ್ನಿನ ಒಂದು ಶಬ್ದವೂ ಹೊರಡಲಿಲ್ಲ. "ಅವಳು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿಕೊಂಡಳು, 'ನನ್ನ ಗಂಡನಿಗೆ ಹೇಳು, ನಾನು ಚೆನ್ನಾಗಿದ್ದೀನಿ ಅಂತ.' ನನಗೆ ಅವರ ಭಾಷೆ ಬರುತ್ತಿರಲಿಲ್ಲ" ಎಂದರು ಮಿಸ್. ಅಷ್ಟು ಹೇಳಿ ಮೊಟ್ಟೆಯ ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಹೊರಟುಹೋದರು.

ನಾನು ಅವರ ಕೆಲಸಕ್ಕೆ ಸಿಕ್ಕಿಕೊಂಡಿದ್ದು ಬಸವರಾಜನಿಂದ. ವಿಜಯಪುರದ ಕಡೆಯವನು, ಹೇಸ್‌ನಲ್ಲಿ ಏರ್‌ಪೋರ್ಟಿನ ಹತ್ತಿರದ ಗೋದಾಮೊಂದರಲ್ಲಿ ಮೇಲ್ವಿಚಾರಕ. ಒಂದು ದಿನ ಕೆಲಸದಲ್ಲಿದ್ದಾಗಲೇ ಫಿಟ್ಸ್ ಬಂದು ಬಿದ್ದ. ಸ್ಕ್ಯಾನ್ ಮಾಡಿದರೆ ಎಡ ಮಿದುಳಿನಲ್ಲಿ, ಮಾತಿನ ಜಾಗಕ್ಕೆ ಆತುಕೊಂಡು, ಗಡ್ಡೆ. ಮಿಸ್ ನನ್ನನ್ನು ಕರೆಸಿದರು. "ನಿನ್ನ ಭಾಷೆಯವನು. ಅವನ ಹತ್ತಿರ ನೀನು ಕೂರಬೇಕು."

ಎಚ್ಚರದಲ್ಲಿ ಮಾಡುವ ಆಪರೇಷನ್ನಿನಲ್ಲಿ ರೋಗಿಗೆ ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುತ್ತಾರೆ. ಸರ್ಜನ್ ಆಗ ಮಿದುಳಿನ ಒಂದೊಂದು ಜಾಗಕ್ಕೂ ಸಣ್ಣ ಕರೆಂಟು ಮುಟ್ಟಿಸುತ್ತಾರೆ. ಮಾತು ತಡವರಿಸಿದರೆ ಆ ಜಾಗವನ್ನು ಕತ್ತರಿಸಬಾರದು ಎಂದರ್ಥ. ಆಸ್ಪತ್ರೆಯಲ್ಲಿದ್ದ ಚಿತ್ರಗಳಲ್ಲಿ ಹಿಮದ ಮನೆ, ಬ್ಯಾಗ್‌ಪೈಪು, ಇಲ್ಲಿಯ ತರಕಾರಿಗಳು. "ಇದಕ್ಕೆಲ್ಲ ಕನ್ನಡದಲ್ಲಿ ಹೆಸರೇ ಇಲ್ಲ" ಎಂದೆ. "ಹಾಗಾದರೆ ಹೆಸರಿರುವುದನ್ನು ತಾ" ಎಂದರು. ನಾನು, ಬಸವರಾಜನ ಹೆಂಡತಿ ಶೋಭಾ ಇಬ್ಬರೂ ಕೂತು ಒರಳು, ಮೊರ, ಬಾರಕೋಲು, ಜೋಳದ ತೆನಿ, ಲಟ್ಟಣಿಗಿ ಎಂದು ಚಿತ್ರಗಳನ್ನು ಕೂಡಿಸಿದೆವು.

ಆಪರೇಷನ್ನಿಗೆ ಮುಂಚೆ ಮಿಸ್ ಗಂಡಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಗಡ್ಡೆ ಪೂರ್ತಿ ವಾಸಿಯಾಗುವಂಥದ್ದಲ್ಲ. ಹೆಚ್ಚು ತೆಗೆದಷ್ಟೂ ಹೆಚ್ಚು ದಿನ ಬದುಕಬಹುದು, ಆದರೆ ಮಾತು ಹೋಗಬಹುದು. ಮಾತಿನ ಜಾಗದ ಅಂಚಿಗೆ ನಿಲ್ಲಿಸಿದರೆ ಮಾತು ಉಳಿಯುತ್ತದೆ, ಗಡ್ಡೆ ಬೇಗ ಮರಳುತ್ತದೆ. "ನಿನಗೆ ಯಾವುದು ಬೇಕು? ಇದನ್ನು ನಾನು ತೀರ್ಮಾನಿಸಲಾರೆ" ಎಂದರು. ನಾನು ಕನ್ನಡದಲ್ಲಿ ಹೇಳಿದೆ.

ಬಸವರಾಜ ತಡಮಾಡಲಿಲ್ಲ. "ಅಕ್ಕಾರ, ಮೇಡಮ್ಮಾರಿಗಿ ಹೇಳ್ರಿ. ನನ್ನ ಮಗಳು ಇನ್ನಾ ಸಣ್ಣಾಕಿ ಅದಾಳ. ಆಕಿ ಜೋಡಿ ಮಾತಾಡಬೇಕು ನಾ. ಮೂಕ ಆಗಿ ಕುಂತು ನಾ ಏನ್ ಮಾಡ್ಲಿ?"

ಶೋಭಾ ಅವನ ತೋಳು ಹಿಡಿದಳು. "ಇವ್ರ ಮಾತು ಕೇಳಬ್ಯಾಡ್ರಿ. ಮಾತು ಹೋದ್ರ ಹೋಗ್ಲಿ. ನನಗ ಮನಷ್ಯಾ ಬೇಕು. ಎಲ್ಲಾ ತಗೀರಿ ಅಂತ ಹೇಳ್ರಿ ಅಕ್ಕಾರ, ಕೈ ಮುಗೀತೀನಿ."

ಎರಡನ್ನೂ ನಾನು ಇದ್ದಂತೆಯೇ ಇಂಗ್ಲಿಷಿಗೆ ಹೇಳಿದೆ. ಮಿಸ್ ಇಬ್ಬರ ಮುಖವನ್ನೂ ನೋಡಿ, ಶೋಭಾಗೆ ಹೇಳಿದರು: "ನೀನು ಕೇಳುವುದು ತಪ್ಪಲ್ಲ. ಆದರೆ ತಲೆ ಅವನದು."

ಆಪರೇಷನ್ನಿನ ದಿನ ನೀಲಿ ಬಟ್ಟೆಯ ಡೇರೆಯೊಳಗೆ ಬಸವರಾಜನ ಮುಖ, ಎದುರಿಗೆ ನಾನು. ಮೇಲೆ ಮಿಸ್. ಅವರ ಬಲಗಡೆ ಆಗಿನ್ನೂ ಕಲಿಯುತ್ತಿದ್ದ ಕಿರಣ್. ಬೆಂಗಳೂರಿನ ಡಾಕ್ಟರ್ ದಂಪತಿಯ ಮಗ, ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಸ್ಟ್ಯಾನ್ಮೋರ್‌ನಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಥಿಯೇಟರಿನಲ್ಲಿ ನನಗೆ ಸಿಸ್ಟರ್ ಎನ್ನುತ್ತಿದ್ದ, ಹೊರಗೆ ಆಂಟಿ.

ಬಸವರಾಜ ಒರಳು ಅಂದ, ಬಾರಕೋಲು ಅಂದ, ತೆನಿ ಅಂದ. ನಡುನಡುವೆ ನಾನು ಅವನ ಊರಿನ ಸುದ್ದಿ ಕೇಳುತ್ತಿದ್ದೆ. ಅವನು ನಿಲ್ಲಿಸಿದರೆ ಸಾಕು, 'ಆಮೇಲೆ?' ಎನ್ನುವುದು ನನ್ನ ಕೆಲಸ. ಮೊರದ ಚಿತ್ರ ಬಂತು. ಬಾಯಿ ತೆರೆದ. ಕಣ್ಣಲ್ಲಿ ಗುರುತು ಕಾಣುತ್ತಿತ್ತು, ಶಬ್ದ ಬರಲಿಲ್ಲ. "ನಿಂತಿತು" ಎಂದೆ. ಮಿಸ್ ಕರೆಂಟು ತೆಗೆದರು. "ಮೊರ" ಎಂದ ಬಸವರಾಜ. ಮತ್ತೆ ಮುಟ್ಟಿಸಿದರು, ಮತ್ತೆ ನಿಂತಿತು. ಅದರಾಚೆಗೆ ಇನ್ನೂ ಗಡ್ಡೆ ಕಾಣುತ್ತಿದೆ ಎಂದು ಕಿರಣ್ ಪಿಸುಗುಟ್ಟಿದ. "ಕಾಣುತ್ತಿದೆ" ಎಂದರು ಮಿಸ್. ಆಮೇಲೆ ಅವರು ಉಪಕರಣ ಕೆಳಗಿಟ್ಟು "ಇಲ್ಲಿಗೆ ಸಾಕು, ಮುಚ್ಚೋಣ" ಎಂದರು.

ಬಸವರಾಜ ಮಾತಾಡುತ್ತ ಮನೆಗೆ ಹೋದ. ಒಂದು ವರ್ಷ, ಅದರ ಮೇಲೆ ಇನ್ನೂ ಕೆಲವು ತಿಂಗಳು, ಮಗಳ ಜೊತೆ ಹೊಟ್ಟೆತುಂಬ ಮಾತಾಡಿದ. ಅವಳು ಇಂಗ್ಲಿಷಿನಲ್ಲಿ, ಅವನು ಕನ್ನಡದಲ್ಲಿ. ಆಮೇಲೆ ಗಡ್ಡೆ ಮರಳಿತು. ಈ ಸಲ ಅದು ಯಾರನ್ನೂ ಕೇಳದೆ ಎಲ್ಲವನ್ನೂ ತೆಗೆದುಕೊಂಡಿತು.

ಅವನು ಹೋದ ದಿನ ಶೋಭಾ ಕಾರಿಡಾರಿನಲ್ಲಿ ಮಿಸ್ ಎದುರಿಗೆ ನಿಂತಳು. "ಒಳಗ ಬಿಟ್ಟು ಬಂದ್ರಿ ನೀವು. ಕಣ್ಣಿಗಿ ಕಾಣ್ತಿತ್ತಂತ, ಆದ್ರೂ ಬಿಟ್ರಿ. ನಿಮಗ ಗಂಡ ಇಲ್ಲ, ಮಕ್ಕಳಿಲ್ಲ, ನಿಮಗೇನ್ ತಿಳೀತದ? ನನ್ನ ಸಂಸಾರಾ ಅರ್ಧಾ ಕೊಯ್ದು ಕೈಬಿಟ್ರಿ." "ಹೇಳು" ಎಂದರು ಮಿಸ್. ತುಂಬ ದುಃಖದಲ್ಲಿದ್ದಾಳೆ ಎಂದೇನೋ ಹೇಳಿದೆ. "ಅವಳು ಅಷ್ಟು ಹೊತ್ತು ಮಾತಾಡಿದಳು. ನೀನು ಹೇಳಿದ್ದು ನಾಲ್ಕು ಶಬ್ದ. ಪೂರ್ತಿ ಹೇಳು, ಮೆತ್ತಗೆ ಮಾಡಬೇಡ." ಹೇಳಿದೆ. ಗಂಡ, ಮಕ್ಕಳು ಎಲ್ಲವನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಸಮಜಾಯಿಷಿ ಕೊಡಲಿಲ್ಲ, ಅವನೇ ಹಾಗೆ ಕೇಳಿದ್ದನಲ್ಲ ಎನ್ನಲೂ ಇಲ್ಲ. ಶೋಭಾ ಕುಸಿದು ಕೂರುವವರೆಗೂ ಅಲ್ಲೇ ನಿಂತಿದ್ದರು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೇಸ್‌ಗೆ ಹೊರಟರು. ಒಂದಕ್ಕೊಂದು ಅಂಟಿಕೊಂಡ ಬಾಡಿಗೆ ಮನೆಗಳ ಸಾಲು. ಬೆಲ್ ಒತ್ತಿದೆವು. ಶೋಭಾ ಬಾಗಿಲು ತೆರೆದವಳು ಮಿಸ್‌ ಅನ್ನು ನೋಡಿ ಮುಚ್ಚಿಬಿಟ್ಟಳು. ಮಳೆ ಹನಿಯುತ್ತಿತ್ತು. "ಹೋಗೋಣ ಮಿಸ್" ಎಂದೆ. "ಗೆದ್ದವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಸೋತವರ ಮನೆಗೆ ನಾವು ಹೋಗಬೇಕು" ಎಂದು ಅಲ್ಲೇ ನಿಂತರು. ಕೊನೆಗೆ ಬಾಗಿಲು ತೆರೆದದ್ದು ಆ ಪುಟ್ಟ ಹುಡುಗಿ. "ಮಮ್ಮಿ, ಬ್ರೇನ್ ಮಿಸ್ ನೆನೀತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಒಳಗೆ ಕೂಗಿ ಹೇಳಿತು. ಶೋಭಾ ಕೂತುಕೊಳ್ಳಿ ಎನ್ನಲಿಲ್ಲ, ಆದರೆ ಟವೆಲ್ ತಂದು ಕೊಟ್ಟಳು. ಮುಂದಿನ ಸಲ ಚಹಾ ಕೊಟ್ಟಳು. ಅದರ ಮುಂದಿನ ಸಲ ರೊಟ್ಟಿ, ಕಾಳುಪಲ್ಯ. ಕ್ಷಮಿಸಿದಳೇ ಎಂದು ನಾನು ಕೇಳಲಿಲ್ಲ. ಮಿಸ್ ಅದಕ್ಕಾಗಿ ಹೋಗುತ್ತಿರಲಿಲ್ಲ ಎಂದು ಮಾತ್ರ ಗೊತ್ತಿತ್ತು.

ಆ ಬಸವರಾಜನ ಆಪರೇಷನ್ನಿನಿಂದ ಮಿಸ್ ಒಂದು ಕನ್ನಡ ಶಬ್ದ ಕಲಿತಿದ್ದರು: ಆಮೇಲೆ. ಕಾಫಿ ರೂಮಿನಲ್ಲಿ ನಾನು ಏನಾದರೂ ಹೇಳುತ್ತ ನಿಲ್ಲಿಸಿದರೆ ಗಂಭೀರವಾಗಿ "ಆಮೆಲೆ?" ಎನ್ನುತ್ತಿದ್ದರು. 'ಮೇ' ಅಕ್ಷರದ ದೀರ್ಘ ಅವರ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ.

ನನ್ನ ತಾಯಿ ಧಾರವಾಡದಲ್ಲಿ ತೀರಿಕೊಂಡಾಗ ಹೋಗಿ ಬಂದೆ. ಕೆಲಸಕ್ಕೆ ಮರಳಿದ ದಿನ ಎಲ್ಲರೂ ಕಾರ್ಡು ಕೊಟ್ಟರು, ತಬ್ಬಿಕೊಂಡರು. ಮಿಸ್ ಮಾತ್ರ "ಕೊನೆಯಲ್ಲಿ ಮಾತಿತ್ತಾ?" ಎಂದು ಕೇಳಿದರು. ಇದೆಂಥ ಹೆಂಗಸು ಎನ್ನಿಸಿತು. "ಇತ್ತು. ಊಟಾ ಆತೇನು ಅಂತ ಕೇಳಿದಳು" ಎಂದೆ. ಮಿಸ್ ಎದುರಿನ ಕುರ್ಚಿಯಲ್ಲಿ ಕೂತರು. ಅವರು ಕೂತು ಯಾರ ಮಾತನ್ನಾದರೂ ಕೇಳುವುದೇ ಅಪರೂಪ. "ನೀನು ಏನು ಹೇಳಿದೆ?" "ಆಗ್ಯದ ಅಂತ ಸುಳ್ಳು ಹೇಳಿದೆ." "ಒಳ್ಳೆಯದು ಮಾಡಿದೆ" ಎಂದರು. ನನ್ನ ತಾಯಿಯ ಸಾವಿನ ಬಗ್ಗೆ ಈ ಊರಿನಲ್ಲಿ ಯಾರೊಂದಿಗಾದರೂ ನಿಜವಾಗಿ ಮಾತಾಡಿದ್ದರೆ ಅದು ಅಷ್ಟೇ.

ಅವರ ಕೈ ನಡುಗಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಆ ಬೆಳಿಗ್ಗೆ ಆಪರೇಷನ್ ಅರ್ಧ ಆಗಿತ್ತು. ಮಿಸ್ ಇದ್ದಕ್ಕಿದ್ದಂತೆ ಕೈಯನ್ನು ಹಿಂದಕ್ಕೆ ತೆಗೆದು ತಮ್ಮ ಎಡ ಹೆಬ್ಬೆರಳನ್ನೇ ದಿಟ್ಟಿಸಿದರು. ನನಗೆ ಏನೂ ಕಾಣಲಿಲ್ಲ. "ಕಿರಣ್, ನೀನು ಮುಂದುವರಿಸು" ಎಂದರು. ಅಷ್ಟು ಹೊತ್ತಿಗೆ ಕಿರಣ್ ಪೂರ್ಣ ಪ್ರಮಾಣದ ಸರ್ಜನ್ ಆಗಿದ್ದ. ಅವನು ಮುಗಿಸುವವರೆಗೂ ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿದರು. ಆಮೇಲೆ ಗ್ಲೌಸ್ ಬಿಚ್ಚಿ ಬುಟ್ಟಿಗೆ ಹಾಕಿ, ನೇರ ಆಡಳಿತದವರ ಹತ್ತಿರ ಹೋಗಿ, ತಾನಿನ್ನು ಚಾಕು ಮುಟ್ಟುವುದಿಲ್ಲ ಎಂದು ಹೇಳಿ ಬಂದರು. ಮುಂದೆ ಪರೀಕ್ಷೆಗಳಾದಾಗ ಅದು ಪಾರ್ಕಿನ್ಸನ್ಸ್ ಎಂಬ ನಡುಕದ ರೋಗ ಎಂದು ಗೊತ್ತಾಯಿತು. ಇನ್ನೂ ಕೆಲವು ತಿಂಗಳು ನಡೆಯುತ್ತಿತ್ತೇನೋ, ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ನಾನು ಅಂದದ್ದಕ್ಕೆ ಸಿಟ್ಟಿನಿಂದ ನೋಡಿದರು. "ನನಗೆ ತಿಳಿಯಿತಲ್ಲ."

ನಿವೃತ್ತರಾದ ಮೇಲೆ ಒಬ್ಬರೇ ಇದ್ದರು. ನಾನು ರಜೆಯ ದಿನಗಳಲ್ಲಿ ಹೋಗಿ ಬರುತ್ತಿದ್ದೆ. ರೋಗ ಬೆಳೆಯಿತು. ಮಾತ್ರೆಗಳು ಮೊದಮೊದಲು ಹಿಡಿದವು, ಆಮೇಲೆ ಬಿಟ್ಟವು. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಇದಕ್ಕೂ ಒಂದು ಆಪರೇಷನ್ ಇದೆ. ಮಿದುಳಿನ ಆಳಕ್ಕೆ ಎರಡು ಬದಿಯಿಂದ ಸಣ್ಣ ತಂತಿ ಇಳಿಸಿ ಕರೆಂಟು ಕೊಟ್ಟರೆ ನಡುಕ ಇಳಿಯುತ್ತದೆ. ಕಿರಣ್ ಅಂಥವನ್ನು ಬೇಕಾದಷ್ಟು ಮಾಡಿದ್ದ. ಮಿಸ್ ಅವನನ್ನೇ ಕೇಳಿದರು. ಅವನು ಆಗುವುದಿಲ್ಲ ಎಂದ. "ಬೇರೆಯವರು ಮಾಡಲಿ ಮಿಸ್. ನಿಮ್ಮ ಮೇಲೆ ನಾನು ಕೈಯಿಡಲಾರೆ."

"ನನ್ನ ತಲೆಯನ್ನು ನಿನ್ನ ಕೈಗೆ ಕೊಡಲು ನನಗೆ ಧೈರ್ಯ ಇಲ್ಲದಿದ್ದರೆ, ಇಷ್ಟು ವರ್ಷ ಇನ್ನೊಬ್ಬರ ಮನೆಯವರ ತಲೆಯನ್ನು ನಾನು ನಿನಗೆ ಯಾವ ಧೈರ್ಯದಿಂದ ಕೊಟ್ಟೆ?" ಎಂದರು. ಅವನು ಒಪ್ಪಿಕೊಂಡ.

ಇದನ್ನೂ ಎಚ್ಚರದಲ್ಲೇ ಮಾಡುವುದು. ತಲೆಗೆ ಚೌಕಟ್ಟು ಬಿಗಿದು ಅವರನ್ನು ಮಲಗಿಸಿದರು. ಪಕ್ಕದಲ್ಲಿ ಇವಳೇ ಇರಬೇಕು ಎಂದು ನನ್ನನ್ನು ಕೇಳಿ ಪಡೆದಿದ್ದರು. ಶುರುವಾದ ಕೂಡಲೇ ಮಲಗಿದಲ್ಲಿಂದಲೇ ಅಪ್ಪಣೆ ಹೊರಟಿತು. ಕೋನ ಇನ್ನೊಮ್ಮೆ ನೋಡು, ಅವಸರ ಬೇಡ, ಯಾರದು ಅಲ್ಲಿ ಮಾತಾಡುತ್ತಿರುವುದು. ಕಿರಣನ ಹಣೆ ಬೆವರಿತು. ತಮ್ಮ ಮಾತು ಅವನಿಗೆ ಅಡ್ಡಿಯೆಂದು ಅವರಿಗೇ ಅರಿವಾಗಿ ನನ್ನ ಕಡೆ ಕಣ್ಣು ಹೊರಳಿಸಿದರು. "ನಿನ್ನ ಭಾಷೆಯಲ್ಲಿ ಏನಾದರೂ ಹೇಳುತ್ತಿರು. ಇಂಗ್ಲಿಷ್ ಕೇಳಿದರೆ ನಾನು ಕೆಲಸಕ್ಕೆ ಇಳಿದುಬಿಡುತ್ತೇನೆ."

ಏನು ಹೇಳುವುದು? ಬಾಯಿಗೆ ಬಂದದ್ದು ಬದನೆಕಾಯಿ ಎಣ್ಣೆಗಾಯಿ. "ಬದನಿಕಾಯಿ ಸಣ್ಣು ಇರಬೇಕ್ರಿ ಮಿಸ್, ತೊಟ್ಟು ತಗೀಬಾರ್ದು. ನಾಲ್ಕು ಸೀಳು ಮಾಡಿ ಉಪ್ಪಿನ ನೀರಾಗ ಹಾಕಬೇಕು. ಗುರೆಳ್ಳು, ಶೇಂಗಾ ಹುರಕೊಂಡು..." ಮಾಸ್ಕಿನ ಮೇಲೆ ಕಿರಣನ ಕಣ್ಣುಗಳು ಸಣ್ಣಗೆ ನಕ್ಕವು. ಅವನಿಗೆ ಎಲ್ಲ ತಿಳಿಯುತ್ತಿತ್ತು. ನಾನು ಉಸಿರು ತೆಗೆದುಕೊಂಡಲ್ಲೆಲ್ಲ ಮಿಸ್ "ಆಮೆಲೆ?" ಎನ್ನುತ್ತಿದ್ದರು.

ಮೊದಲ ಬದಿಯ ತಂತಿಗೆ ಕರೆಂಟು ಕೊಟ್ಟಾಗ ಅವರ ಎಡಗೈ ನಿಂತಿತು. ಆ ಹೆಬ್ಬೆರಳು, ಆ ಬೆರಳುಗಳು, ಎಲ್ಲ ಸ್ತಬ್ಧ. ಮಿಸ್ ಕೈಯನ್ನು ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ಹಲ್ಲು ಕಾಣುವಂತೆ ನಕ್ಕರು. ಥಿಯೇಟರಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಎರಡನೇ ಬದಿ, ಬಲಗೈಯನ್ನೂ ಮಾತನ್ನೂ ನಡೆಸುವ ಎಡ ಮಿದುಳು. ನಾನು ಮಸಾಲೆ ತುಂಬುವಲ್ಲಿಗೆ ಬಂದಿದ್ದೆ. ನಿಲ್ಲಿಸಿದೆ. ಅವರು "ಆಮೆ" ಎಂದರು. ಮುಂದಿನದು ಬರಲಿಲ್ಲ. ನಾನು ಕಾದೆ. ಬಾಯಿಯ ಬಲ ಅಂಚು ಕೆಳಗೆ ಜಾರಿತು. ಕಣ್ಣು ನನ್ನ ಮೇಲೇ ಇತ್ತು. ಏನಾಗುತ್ತಿದೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗಿತ್ತು. "ನಿಂತಿತು, ಕಿರಣ್" ಎಂದೆ, ಕನ್ನಡದಲ್ಲೇ.

ಒಳಗೆ ರಕ್ತನಾಳವೊಂದು ಒಡೆದಿತ್ತು. ಎಲ್ಲ ಸರಿಯಾಗಿ ಮಾಡಿದರೂ ಅಪರೂಪಕ್ಕೆ ಆಗುವಂಥದ್ದು. ವಿಚಾರಣೆ ನಡೆಸಿದವರೂ ಯಾರ ತಪ್ಪೂ ಇಲ್ಲ ಎಂದರು. ಮಿಸ್ ಬದುಕಿದರು. ಬಲಭಾಗ ಹೋಯಿತು. ಮಾತು ಹೋಯಿತು. ನಡುಕ ನಿಂತ ಎಡಗೈ ಉಳಿಯಿತು.

ಕೆಂಟನ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಕೇರ್ ಹೋಮಿಗೆ ಅವರನ್ನು ಕರೆತಂದರು. ಸಾಯಂಕಾಲ ಕೆಲಸ ಮುಗಿಸಿ ಬರುವಾಗ ಹೋಗಿ ಕೂರುತ್ತಿದ್ದೆ. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಮಾತ್ರ ಏನೂ ಇರಲಿಲ್ಲ. ಒಮ್ಮೊಮ್ಮೆ ಶಬ್ದಕ್ಕಾಗಿ ತಡಕಾಡಿ, ಸಿಗದೆ, ಎಡಗೈಯಿಂದ ಬಾಯಿಯನ್ನು ಒರೆಸಿಕೊಳ್ಳುತ್ತಿದ್ದರು. ಅಲ್ಲಿನ ಹುಡುಗಿಯರು ಚಳಿಯಾದೀತೆಂದು ಕಿಟಕಿ ಮುಚ್ಚುತ್ತಿದ್ದರು. ನಾನು ಹೋಗಿ ತೆರೆಯುತ್ತಿದ್ದೆ.

ಶೋಭಾ ಸುದ್ದಿ ತಿಳಿದು ಒಂದು ದಿನ ಬಂದಳು. ಡಬ್ಬಿಯಲ್ಲಿ ತಂದಿದ್ದ ಮೆತ್ತಗಿನ ಅನ್ನ ಸಾರನ್ನು ಕಲಸಿ ಚಮಚದಲ್ಲಿ ತಿನ್ನಿಸಿದಳು. ಮಿಸ್ ಅವಳ ಮುಖ ನೋಡುತ್ತ ತಿಂದರು. ಅರ್ಧ ಬಾಯಿಂದ ಸುರಿಯಿತು, ಒರೆಸಿದಳು. ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಅವಳು ಅಂದಳು: "ಅಕ್ಕಾರ, ಇದನ್ನ ಅಲ್ಲೇನ್ರಿ ನಾ ಅವತ್ತ ಬೇಡಿದ್ದು? ಮಾತು ಹೋಗ್ಲಿ, ಮನಷ್ಯಾ ಇರ್ಲಿ ಅಂತ."

ನಾನು ಬಸ್ಸು ಬರುವ ಕಡೆ ನೋಡಿದೆ.

"ನಮ್ಮನಿಯವ್ರೂ ಹಿಂಗ ಕುಂತಿರ್ತಿದ್ರು. ಕಣ್ಣಾಗ ನೀರು ಹಾಕ್ಕೋತ. ತಿಳೀತು ನನಗ ಈಗ." ಬಸ್ಸು ಬಂತು. ಹತ್ತುವ ಮೊದಲು ತಿರುಗಿದಳು. "ಆದ್ರೂ ನೋಡ್ರಿ, ಹಿಂಗಾದ್ರೂ ಇನ್ನೊಂದೀಟು ದಿನಾ ಇರಬೇಕಾಗಿತ್ತು ಅನ್ನಸ್ತದ. ಸುಳ್ಳ್ಯಾಕ ಹೇಳ್ಲಿ."

ಕಿರಣ್ ಒಮ್ಮೆಯೂ ಬರಲಿಲ್ಲ. ಆ ದಿನದ ನಂತರ ಅವನು ಚಾಕು ಹಿಡಿದಿರಲಿಲ್ಲ. ಹೊರರೋಗಿಗಳನ್ನು ನೋಡುತ್ತಿದ್ದ, ಹುಡುಗರಿಗೆ ಪಾಠ ಮಾಡುತ್ತಿದ್ದ. ಥಿಯೇಟರಿನ ಪಟ್ಟಿಯಲ್ಲಿ ಅವನ ಹೆಸರು ಬಂದರೆ ಏನಾದರೊಂದು ಕಾರಣ. ಸ್ಟ್ಯಾನ್ಮೋರ್‌ಗೆ ಅವನ ತಂದೆತಾಯಿಯನ್ನು ಕಾಣಲು ಹೋದಾಗ ಅವನ ತಾಯಿ ಅತ್ತರು. ಅವನು ನನ್ನನ್ನು ಕಾರಿನವರೆಗೆ ಬಿಡಲು ಬಂದವನು, ಎಂದೂ ಆಡದ ಕನ್ನಡದಲ್ಲಿ ಹೇಳಿದ: "ಆಂಟಿ, ನನ್ ಕೈಯಲ್ಲಿ ಆಗಲ್ಲ. ಕಣ್ಣು ಮುಚ್ಚಿದ್ರೆ ಅವ್ರ ಬಾಯಿ ಕಾಣತ್ತೆ."

ಮರುದಿನ ಮಿಸ್ ಹತ್ತಿರ ಇದನ್ನು ಹೇಳಬಾರದಿತ್ತೇನೋ. ಆದರೆ ಅವರಿಂದ ಏನನ್ನೂ ಮುಚ್ಚಿಟ್ಟು ನನಗೆ ಅಭ್ಯಾಸವಿರಲಿಲ್ಲ. ಕೇಳಿದವರೇ ಗಾಲಿಕುರ್ಚಿಯ ತೋಳನ್ನು ಎಡಗೈಯಿಂದ ಗುದ್ದತೊಡಗಿದರು. ಮುಖ ಕೆಂಪಾಯಿತು. ಕೇರ್ ಹೋಮಿನ ಹುಡುಗಿ ನೋವಾಗಿದೆಯೇನೋ ಎಂದು ಓಡಿ ಬಂದಳು. ಅವರು ಬಾಗಿಲ ಹಿಂದೆ ನೇತಾಡುತ್ತಿದ್ದ ಕೋಟನ್ನು ತೋರಿಸಿದರು. ಮತ್ತೆ ಮತ್ತೆ ತೋರಿಸಿದರು.

ಅಪ್ಪಣೆ ಪಡೆದು, ಗಾಲಿಕುರ್ಚಿ ಹತ್ತುವ ಟ್ಯಾಕ್ಸಿ ಹಿಡಿದು, ಕಿರಣನ ಕ್ಲಿನಿಕ್ಕಿನ ದಿನ ಆಸ್ಪತ್ರೆಗೆ ಹೋದೆವು. ಹೊರರೋಗಿಗಳ ಸಾಲಿನಲ್ಲಿ, ಕೆಮ್ಮುತ್ತ ಕಾಯುವವರ ನಡುವೆ, ಆ ವಿಭಾಗವನ್ನು ಕಟ್ಟಿದವರು ಕೊರಳಿಗೆ ಜೊಲ್ಲು ಒರೆಸುವ ಬಟ್ಟೆ ಸುತ್ತಿಕೊಂಡು ಕೂತರು. ಹೊಸ ಹುಡುಗಹುಡುಗಿಯರು ಗುರುತಿಲ್ಲದೆ ದಾಟಿ ಹೋದರು. ಹಳಬರೊಬ್ಬರು ನೋಡಿ, ಮುಖ ತಿರುಗಿಸಿ, ಬೇಗ ಬೇಗ ನಡೆದುಬಿಟ್ಟರು.

ಬಾಗಿಲು ತೆರೆದು ಮುಂದಿನ ರೋಗಿಯ ಹೆಸರು ಕರೆಯಲು ಬಂದ ಕಿರಣ್ ಅಲ್ಲೇ ನಿಂತ. ಆಮೇಲೆ ಬಂದು ಕುರ್ಚಿಯೆದುರು ಮಂಡಿಯೂರಿದ. "ಮಿಸ್, ನನ್ನನ್ನು..." ಎಂದು ಶುರುಮಾಡಿದ. ಮಿಸ್ ಎಡಗೈಯಿಂದ ಅವನ ಬಾಯಿ ಮುಚ್ಚಿದರು. ಅವನು ಸುಮ್ಮನಾದ ಮೇಲೆ ಅವನ ಬಲಗೈಯನ್ನು ಎಳೆದುಕೊಂಡು ತಮ್ಮ ತೊಡೆಯ ಮೇಲೆ ಅಂಗಾತ ಇಟ್ಟು, ಒಂದೊಂದೇ ಬೆರಳನ್ನು ನೇರ ಮಾಡಿದರು. ಅದು ನಡುಗುತ್ತಿತ್ತು. ಅವರ ಕೈ ನಡುಗುತ್ತಿರಲಿಲ್ಲ. ಆ ಬೆರಳುಗಳು ನಿಲ್ಲುವವರೆಗೂ ಒತ್ತಿ ಹಿಡಿದಿದ್ದರು. ನಂತರ ಅವನ ಭುಜ ಹಿಡಿದು ತಿರುಗಿಸಿ, ಕಾರಿಡಾರಿನ ತುದಿಯ ಥಿಯೇಟರಿನ ಕಡೆಗೆ ನೂಕಿದರು. ಬಲವಿರಲಿಲ್ಲ, ಮತ್ತೆ ನೂಕಿದರು.

"ಆಂಟಿ, ಏನು ಹೇಳ್ತಿದ್ದಾರೆ?" ಎಂದ ಕಿರಣ್.

"ನಿಂಗ ತಿಳೀಲಿಲ್ಲೇನಪಾ?" ಎಂದೆ.

ಅವನು ಅವರ ಮಡಿಲಲ್ಲಿ ಮುಖವಿಟ್ಟು ಅತ್ತ. ಕಾಯುತ್ತಿದ್ದ ರೋಗಿಗಳು ಅತ್ತಿತ್ತ ನೋಡಿದರು. ಮಿಸ್ ಅವನ ತಲೆ ಸವರಲಿಲ್ಲ. ಅದು ಅವರ ಸ್ವಭಾವವಲ್ಲ. ಅವನು ಎದ್ದು ಮುಖ ಒರೆಸಿಕೊಂಡು ಮುಂದಿನ ರೋಗಿಯ ಹೆಸರು ಕರೆಯುವವರೆಗೂ ಕಾದು, ಹೊರಡೋಣ ಎಂದು ನನಗೆ ಕಣ್ಣಲ್ಲೇ ಸೂಚಿಸಿದರು.

ಅವನು ಮರುದಿನವೇ ಶುರುಮಾಡಲಿಲ್ಲ. ಮೊದಲು ಇನ್ನೊಬ್ಬರ ಪಕ್ಕ ನಿಂತ. ಆಮೇಲೆ ಸಣ್ಣ ಕೆಲಸಗಳು. ಮಿಸ್ ಹೋಗುವ ಹೊತ್ತಿಗೆ ಪೂರ್ತಿ ಹಿಂತಿರುಗಿದ್ದ, ಆದರೂ ಪ್ರತಿ ಆಪರೇಷನ್ನಿಗೆ ಮೊದಲು ವಾಂತಿ ಮಾಡಿಕೊಳ್ಳುತ್ತಾನೆಂದು ನನಗೆ ಗೊತ್ತಿತ್ತು.

ನ್ಯುಮೋನಿಯಾ ಬಂದು, ಒಂದು ಮಧ್ಯಾಹ್ನ, ಮಿಸ್ ಹೋದರು. ನಾನಿದ್ದೆ. ಹೇಳುವಂಥದ್ದು ಏನೂ ಆಗಲಿಲ್ಲ. ಉಸಿರು ದೂರ ದೂರವಾಯಿತು, ಒಂದು ಬರಲಿಲ್ಲ. ಅವರ ಇಚ್ಛೆಯಂತೆ ಮಿದುಳನ್ನು ಸಂಶೋಧನೆಗೆ ಕೊಟ್ಟರು.

ಅಂತ್ಯಕ್ರಿಯೆಗೆ ಕೆನಡಾದಿಂದ ಅವರ ತಂಗಿ ಬಂದಿದ್ದರು. ಬಿಸಿಲಿಗೆ ಸುಟ್ಟ ಮುಖದ, ದಪ್ಪ ಕೈಗಳ ರೈತ ಹೆಂಗಸು. ದೊಡ್ಡ ದೊಡ್ಡವರು ಮಾತಾಡಿದರು. ಶೋಭಾ ಮಗಳ ಜೊತೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಎಲ್ಲ ಮುಗಿದು ಶವಪೆಟ್ಟಿಗೆಯ ಮುಂದೆ ಪರದೆ ಎಳೆದ ಮೇಲೆ, ಹೊರಗೆ ಗಾಳಿಯಲ್ಲಿ ನಿಂತಾಗ, ತಂಗಿ ನನ್ನ ಹತ್ತಿರ ಬಂದರು.

"ಅವಳ ಆಪರೇಷನ್ ಮಾಡಿದ ಆ ಹುಡುಗ ಎಲ್ಲಿ? ಕಾಣಲಿಲ್ಲ."

ಅವರ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಹಿಂದಿನ ದಿನ ಕಿರಣ್ ಫೋನ್ ಮಾಡಿದ್ದ. ಹೆಂಗಸೊಬ್ಬಳ ಆಪರೇಷನ್ ಅದೇ ಹೊತ್ತಿಗೆ ಬಂದಿತ್ತು, ಮುಂದೂಡಿದರೆ ಅವಳ ದೃಷ್ಟಿ ಹೋಗುವ ಭಯ. ಏನು ಮಾಡಲಿ ಆಂಟಿ ಎಂದು ಕೇಳಿರಲಿಲ್ಲ. ಬರಲಾಗುವುದಿಲ್ಲ ಎಂದಷ್ಟೇ ಹೇಳಿದ್ದ.

"ಥಿಯೇಟರಿನಲ್ಲಿದ್ದಾನೆ" ಎಂದೆ. "ಒಬ್ಬಳ ತಲೆ ತೆರೆದಿದ್ದಾನೆ."

ತಂಗಿ ಕೈಗಡಿಯಾರ ನೋಡಿಕೊಂಡರು. "ಹಾಗಾದರೆ ಸರಿ" ಎಂದು ಕೋಟಿನ ಗುಂಡಿ ಹಾಕಿಕೊಂಡರು.